ಮೆತ್ತನೆಯ ಗೋಣಿಚೀಲ

ಮೊನ್ನೆ ಹಾಸನದಿಂದ ಬೇಲೂರಿಗೆ ಬರುವಾಗ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ಕೊಬ್ಬರಿ ಚೀಲ ತಂದಿಟ್ಟರು. ಬಿಸಿಲಿಗೆ ಕಾದ ಚೀಲ. ಎಣ್ಣೆಯ ಆ ಕಮಟು ಮೂಗಿಗೆ ಬಡಿದದ್ದೇ ತಡ, ನಾನು ಕುಂಟುತ್ತಾ ಎದ್ದು ಹಿಂದಿನ ಸೀಟಿಗೆ ಹೋದೆ. "ಯಾಕ್ ಸಾರ್, ಚೀಲ ಕಚ್ತದಾ?" ಎಂದು ಕಂಡಕ್ಟರ್ ನಕ್ಕ. ನಾನು ಕಿಟಕಿಯ ಕಡೆ ತಿರುಗಿದೆ.

ಅರಸೀಕೆರೆಯಲ್ಲಿ ನನಗೊಬ್ಬ ಅಣ್ಣ ಇದ್ದರು. ಒಡಹುಟ್ಟಿದವರಲ್ಲ, ರಸ್ತೆಯಲ್ಲಿ ಸಿಕ್ಕವರು. ಕೊಬ್ಬರಿ ವ್ಯಾಪಾರದ ಮನೆತನ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಬಳಿದು, ಅದರ ಮೇಲೆ ಹೆಲ್ಮೆಟ್ ಹಾಕಿ, ತಾವೇ ಕಟ್ಟಿದ ರೇಸ್ ಸೈಕಲ್ ಹತ್ತಿ ಹೊರಟರೆ ಜಾವಗಲ್ಲಿನ ಹೋಟೆಲಿನಲ್ಲೇ ಇಡ್ಲಿ. ಮನೆಯಲ್ಲಿ ಕಾರಿತ್ತು, ಲಾರಿಯೂ ಇತ್ತು. "ಏನ್ ಯಜಮಾನ್ರೇ, ಡೀಸೆಲ್ ಖಾಲಿನಾ?" ಎಂದು ಬಸ್ ಡ್ರೈವರುಗಳು ಕಿಚಾಯಿಸುತ್ತಿದ್ದರು. ಅಣ್ಣ ಕೈಬೀಸಿ ಮುಂದೆ ಹೋಗಿಬಿಡುತ್ತಿದ್ದರು.

ನನ್ನದು ಬೇಲೂರಿನಲ್ಲಿ ಔಷಧಿ ಅಂಗಡಿ. ಊರಿಗೆಲ್ಲ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟು ಕೊಟ್ಟು ಕೊನೆಗೆ ನನಗೂ ಅದು ಅಂಟಿತು. ಡಾಕ್ಟರ ಮಾತು ಕೇಳಿ ಒಂದು ಸೈಕಲ್ ಕೊಂಡೆ. ಜಾವಗಲ್ಲಿನ ಆ ಹೋಟೆಲಿನ ಮುಂದೆ ನಾನು ಸೊಂಟ ಹಿಡಿದುಕೊಂಡು ಇಳಿಯುವುದನ್ನು ನೋಡಿ ಅಣ್ಣ ಮೊದಲ ಸಲ ಮಾತಾಡಿಸಿದರು. "ಅಂಗ್ಡಿ ಸೈಕಲ್ಲು ರೆಡಿಮೇಡ್ ಅಂಗಿ ಇದ್ದಂಗೆ ಕಣಪ್ಪ. ಎಲ್ಲಾರೂ ಹಾಕ್ಕೋತಾರೆ, ಯಾರ್ಗೂ ಸರಿಯಾಗಲ್ಲ." ಕರೆಯದೆ ಬಂದು ನನ್ನ ಸೀಟು ಎತ್ತರಿಸಿದರು. ನನಗೆ ಸಿಟ್ಟು ಬಂತು. ವಾಪಸ್ ಬರುವಾಗ ಸೊಂಟ ನೋಯಲಿಲ್ಲ ಎನ್ನುವುದು ಬೇರೆ ಮಾತು.

ಕೊಬ್ಬರಿ ಗೋದಾಮಿನ ಒಂದು ಮೂಲೆಯೇ ಅವರ ಕಾರ್ಖಾನೆ. ಗೋಣಿ ಹೊಲಿಯುವ ಹುರಿಯಲ್ಲಿ ನಮ್ಮ ತೊಡೆ, ತೋಳು, ಬೆನ್ನಿನ ಅಳತೆ ತೆಗೆದು, ಉಕ್ಕಿನ ಕೊಳವೆ ಕತ್ತರಿಸಿ ಬೆಸೆದು, ಅವರವರ ಮೈಗೆ ತಕ್ಕ ಸೈಕಲ್ ಕಟ್ಟುತ್ತಿದ್ದರು. ಹಾಗೆ ಕಟ್ಟಿಸಿಕೊಂಡ ಗೆಳೆಯರು ಕೆಲವರಿದ್ದೆವು. ಅಣ್ಣನಿಗೆ ಜಂಬವೂ ಕಡಿಮೆಯಿರಲಿಲ್ಲ. ನನ್ನದಕ್ಕೆ ನವಿಲು ನೀಲಿ ಬಣ್ಣ ಹೊಡೆದಾಗ ಫೋನ್ ಮಾಡಿ, "ಹಳೇಬೀಡಿನ ಶಿಲ್ಪಿಗಳು ಎದ್ದು ಬಂದ್ರೂ ಇದ್ರಲ್ಲಿ ತಪ್ಪು ಹುಡುಕಕಾಗಲ್ಲ" ಎಂದಿದ್ದರು.

ಆ ಬಣ್ಣವೇ ಮುಳುವಾಯಿತು. ಸೈಕಲ್ಲನ್ನು ತಮ್ಮ ಲಾರಿಯಲ್ಲೇ ಬೇಲೂರಿಗೆ ಕಳುಹಿಸುವವರಿದ್ದರು. ಒಂದು ಗೀರೂ ಬೀಳಬಾರದು. ಹೊಸ ಗೋಣಿ ಒರಟು, ಬಣ್ಣ ತರಚುತ್ತದೆ. ಕೊಬ್ಬರಿ ತುಂಬಿ ತುಂಬಿ ಹಳೆಯದಾದ ಚೀಲ ಬಟ್ಟೆಯ ಹಾಗೆ ಮೆತ್ತಗಿರುತ್ತದೆ. ಅಂಥವನ್ನೇ ಆರಿಸಿ, ಕೂಸಿಗೆ ಸುತ್ತುವಂತೆ ಚಕ್ರಗಳಿಗೂ ಸೇರಿಸಿ ಸುತ್ತಿದ್ದರು. ಚೀಲಗಳು ಕುಡಿದಿದ್ದ ಎಣ್ಣೆ ದಾರಿಯುದ್ದಕ್ಕೂ ಬಿಸಿಲಿಗೆ ಒಸರಿ, ಚಕ್ರದ ಡಿಸ್ಕಿಗೆ, ಅದನ್ನು ಹಿಡಿಯುವ ಬ್ರೇಕ್ ಪ್ಯಾಡಿಗೆ ಇಳಿದಿತ್ತು. ಎಣ್ಣೆ ತಾಗಿದ ಪ್ಯಾಡು ಹಿಡಿಯುವುದಿಲ್ಲ, ಜಾರುತ್ತದೆ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗಾಯಿತು. ಸೈಕಲ್ ಕೊಬ್ಬರಿ ನಾರುತ್ತಿತ್ತು, ನಿಜ. ಆದರೆ ಅಣ್ಣನ ಅಂಗಿ, ಮೊಬೈಲು, ಅವರು ಕೊಟ್ಟ ಪ್ರಸಾದ ಕೂಡ ಹಾಗೇ ನಾರುತ್ತಿದ್ದುದರಿಂದ ನನಗೆ ಅನುಮಾನ ಬರಲಿಲ್ಲ.

ಮರುದಿನ ಬೆಳಿಗ್ಗೆ ಹಳೇಬೀಡಿನ ಕಡೆ ಹೊರಟೆ. ಸಮ ರಸ್ತೆಯಲ್ಲಿ ಬ್ರೇಕಿನ ಗೊಡವೆಯೇ ಬೀಳಲಿಲ್ಲ. ಮಾದಿಹಳ್ಳಿ ಕಡೆಯ ಇಳಿಜಾರಿನಲ್ಲಿ ಹಿಡಿದೆ. ಎರಡೂ ಕೈಯಿಂದ ಹಿಡಿದೆ. ಸೈಕಲ್ ಇನ್ನೂ ಜೋರಾಯಿತು. ಸುಟ್ಟ ಕೊಬ್ಬರಿಯ ವಾಸನೆ ಬಂದದ್ದು ನೆನಪಿದೆ, ತಿರುವಿನ ಮೋರಿ ಕಂಡದ್ದು ನೆನಪಿದೆ... ಎಡ ಮೊಣಕಾಲಿಗೆ ಆಪರೇಷನ್ ಆಯಿತು. ಅರ್ಧಕ್ಕಿಂತ ಹೆಚ್ಚು ಅದು ಇವತ್ತಿಗೂ ಮಡಚುವುದಿಲ್ಲ.

ಮನೆಗೆ ಬಂದ ಮೇಲೆ ಅಣ್ಣ ನೋಡಲು ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

"ಹೆಂಗಾಯ್ತಪ್ಪ?"

"ನಾಯಿ ಅಡ್ಡ ಬಂತು ಅಣ್ಣ" ಎಂದೆ.

ಆ ಮುಖ ನೋಡಿಕೊಂಡು ಬೇರೇನು ಹೇಳಲಿ? ಅವರು ತಲೆಯಾಡಿಸಿ ಜಗಲಿಗೆ ಹೋದರು. ಸೈಕಲ್ ಅಲ್ಲೇ ಒರಗಿತ್ತು. ಮಲಗಿದ್ದಲ್ಲಿಂದ ಕಿಟಕಿಯಲ್ಲಿ ನನಗೆ ಕಾಣುತ್ತಿತ್ತು. ಚಕ್ರ ತಿರುಗಿಸಿದರು. ಬ್ರೇಕ್ ಹಿಡಿದರು. ಕುಕ್ಕರುಗಾಲಲ್ಲಿ ಕುಳಿತು ಪ್ಯಾಡ್ ಬಿಚ್ಚಿ ಮೂಗಿನ ಹತ್ತಿರ ತಂದರು. ಒಳಗೆ ಬಂದಾಗ, "ರಿಪೇರಿ ಮಾಡ್ಕೊಂಡು ತತ್ತೀನಿ" ಎಂದಷ್ಟೇ ಹೇಳಿ ಸೈಕಲ್ಲನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದರು.

ಆಮೇಲೆ ಅಣ್ಣ ಸೈಕಲ್ ಹತ್ತಲಿಲ್ಲ. ಯಾರಿಗೂ ಕಟ್ಟಿಕೊಡಲೂ ಇಲ್ಲ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ನನ್ನನ್ನು ಜಗಲಿಯ ಮೇಲೆ ಕೂರಿಸಿ, "ಇನ್ನೊಂಚೂರು ಮಡಿಸು ನೋಡಾನಾ" ಎಂದು ಕಾಲು ಹಿಡಿಯುತ್ತಿದ್ದರು. ಎಲ್ಲಿ ನೋವಾಯಿತೋ ಅಲ್ಲಿಗೆ ನಿಲ್ಲಿಸಿ ಗೇಣು ಹಾಕಿ ಅಳೆಯುತ್ತಿದ್ದರು. "ನಾಟಿ ವೈದ್ಯ ಶುರು ಮಾಡಿದ್ರಾ?" ಎಂದು ರೇಗಿಸಿದರೆ ನಗುತ್ತಿರಲಿಲ್ಲ. ಜಂಬ ಕೊಚ್ಚುತ್ತಿದ್ದ ಮನುಷ್ಯ ಹಾಗೆ ಬಾಯಿ ಕಟ್ಟಿದಂತೆ ಕೂರುವುದನ್ನು ನೋಡಲಾಗದೆ, ಎಷ್ಟೋ ಸಲ ಅವರು ಬೇಗ ಹೊರಟರೆ ಸಾಕು ಅನ್ನಿಸುತ್ತಿತ್ತು. ಆ ಪ್ಯಾಡಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಳೆದ ವರ್ಷ ಅವರ ಎದೆಬಡಿತ ಇದ್ದಕ್ಕಿದ್ದಂತೆ ನಿಂತುಹೋಯಿತು. ನಾನು ಹೋಗುವಷ್ಟರಲ್ಲಿ ವಿಭೂತಿ ಬಳಿದು ಕೂರಿಸಿದ್ದರು. ಕಾಲು ಮಡಚಲು ಬಾರದ್ದರಿಂದ ಎಲ್ಲರ ಜೊತೆ ನೆಲದ ಮೇಲೆ ಕೂರಲಾಗದೆ, ಬಾಗಿಲ ಬಳಿ ನಿಂತೇ ಅತ್ತೆ.

ಅವರ ಹೆಸರಿನಲ್ಲಿ ಗಣಾರಾಧನೆ ನಡೆದ ದಿನ ಅತ್ತಿಗೆ ನನ್ನನ್ನು ಗೋದಾಮಿಗೆ ಕರೆದುಕೊಂಡು ಹೋದರು. "ನಿಮ್ದು ಐತೆ, ತಗೊಂಡೋಗಿ" ಎಂದರು. ಅದೇ ನವಿಲು ನೀಲಿ. ಆದರೆ ಹ್ಯಾಂಡಲ್ ಎತ್ತರಿಸಿತ್ತು. ಎಡಗಡೆಯ ಪೆಡಲ್ ಹಿಡಿದಿರುವ ಕಬ್ಬಿಣದ ತೋಳನ್ನು ಕತ್ತರಿಸಿ ಮೋಟು ಮಾಡಿತ್ತು. ಗೋಡೆ ಹಿಡಿದು ಹತ್ತಿ ಹಿಂದಕ್ಕೆ ತುಳಿದೆ. ನನ್ನ ಮೊಣಕಾಲು ಎಷ್ಟು ಮಡಚುತ್ತದೋ ಅಷ್ಟೇ ಮಡಚಿ ಸುತ್ತು ತಿರುಗಿತು. ಎಲ್ಲೂ ನೋಯಲಿಲ್ಲ. ಹ್ಯಾಂಡಲ್ ಮೇಲೆ ಬೆರಳು ಚಾಚಿದರೆ ಮಾತ್ರ ಏನೂ ಸಿಗಲಿಲ್ಲ. ಬ್ರೇಕ್ ಇರಲಿಲ್ಲ.

ಬೆಂಚಿನ ಮೇಲೆ ಹೊಸ ಬ್ರೇಕಿನ ಪೆಟ್ಟಿಗೆ ಅಂಟೂ ಬಿಚ್ಚದೆ ಕುಳಿತಿತ್ತು. "ದಿನಾ ಸೋಪ್ ಹಾಕಿ ಕೈ ತೊಳ್ಕೊಂಡ್ ಬರೋರು, ಬಾಕ್ಸ್ ಮುಂದೆ ಕೂರೋರು" ಎಂದರು ಅತ್ತಿಗೆ. "ಕೈ ಮೂಸ್ಕೊಂಡು ಮತ್ತೆ ತೊಳಿಯಕ್ಕೆ ಎದ್ದೋಗೋರು. ನಂಗೇನೂ ಅರ್ಥ ಆಗ್ತಿರ್ಲಿಲ್ಲ ಕಣ್ರೀ."

ಸೈಕಲ್ ಈಗ ನನ್ನ ನಡುಮನೆಯಲ್ಲಿದೆ. ಹಾಸನದ ಅಂಗಡಿಯವನು ಬ್ರೇಕ್ ಹಾಕುವುದು ಅರ್ಧ ಗಂಟೆಯ ಕೆಲಸ ಎನ್ನುತ್ತಾನೆ. ಬೇರೆಯವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಒಮ್ಮೊಮ್ಮೆ ಅಣ್ಣನ ಮೇಲೆ ಕೆಟ್ಟ ಕೋಪ ಬರುತ್ತದೆ. ಅಷ್ಟು ವಾರ ಬಂದು ಕಾಲು ಹಿಡಿದವರು ಒಂದು ಸಲ ಬಾಯಿ ಬಿಟ್ಟು ಕೇಳಬಾರದಿತ್ತೇ... ನನ್ನ ಕೈಯಿಂದ ಬ್ರೇಕ್ ಹಾಕಿದರೆ ನೀನು ಹತ್ತುತ್ತೀಯಾ ಎಂದು? ಹಾಕಿ ಅಣ್ಣ, ಹತ್ತುತ್ತೀನಿ ಎನ್ನುತ್ತಿದ್ದೆ.