ಚರಣಕ್ಕೆ ಮುಂಚಿನ ಉಸಿರು

ಇದು ಹೀಗೇ ನಡೆಯಿತು ಎಂದು ನಾನು ಖಚಿತವಾಗಿ ಹೇಳಲಾರೆ. ಹೇಳಲಾರೆ ಎನ್ನುವುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೊನ್ನೆ ಪಿರಿಯಾಪಟ್ಟಣದಿಂದ ಹುಣಸೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ರಸ್ತೆಯ ಎರಡೂ ಕಡೆ ಬ್ಯಾರನ್ನುಗಳಲ್ಲಿ, ಅಂದರೆ ಸೊಪ್ಪು ಹದ ಮಾಡುವ ಬೆಂಕಿಮನೆಗಳಲ್ಲಿ, ಹೊಗೆಸೊಪ್ಪು ಬೇಯುತ್ತಿತ್ತು. ಬೆಲ್ಲ ಸೀದಂತೆ, ಒಣಹುಲ್ಲು ಬೆಚ್ಚಗಾದಂತೆ, ಗಂಟಲ ಹಿಂಬದಿಗೆ ಹೋಗಿ ಕೂರುವ ವಾಸನೆ. ಅದರ ಜೊತೆಗೇ, ಹಿಂದೆ ನಮಗೆ ಹಾಡು ಕಲಿಸಿದ ಮೇಡಂ ನೆನಪಿಗೆ ಬಂದರು. ಕಿಟಕಿಗೆ ಬೆನ್ನು ಹಾಕಿ ನಿಂತು, ಕೈಯಲ್ಲಿ ಮೊಬೈಲು ಹಿಡಿದು, ಎದುರಿಗೆ ಕೂತ ಸಂದರ್ಶಕರನ್ನು "ಕೇಳುಸ್ತಾ ಸಾರ್?" ಎಂದು ಕೇಳುತ್ತಿರುವ ಮೇಡಂ. ಆ ದಿನ ಕೋಣೆಯ ತುಂಬ ಇದೇ ವಾಸನೆ ಇತ್ತು ಎಂದು ನನ್ನ ನೆನಪು.

ಆದರೆ ಆ ಸಂದರ್ಶನ ನಡೆದದ್ದು ಬೇಸಿಗೆಯ ಕೊನೆಯಲ್ಲಿ. ಅದು ಹೊಗೆಸೊಪ್ಪಿನ ಸಸಿ ಹೊಲಕ್ಕೆ ಬೀಳುವ ಕಾಲ. ಬ್ಯಾರನ್ನಿಗೆ ಬೆಂಕಿ ಹಾಕುವುದು ಮಳೆಗಾಲ ಅರ್ಧ ಕಳೆದ ಮೇಲೆ. ಅಂದರೆ ಆ ದಿನ ಆ ವಾಸನೆ ಇರಲು ಸಾಧ್ಯವೇ ಇಲ್ಲ. ಎಲ್ಲಿಯದೋ ವಾಸನೆಯನ್ನು ತಂದು ಇನ್ನೆಲ್ಲಿಗೋ ಅಂಟಿಸುವ ತಲೆ ಮಿಕ್ಕದ್ದನ್ನೂ ಹಾಗೇ ಅಂಟಿಸಿರಬಹುದಲ್ಲ...

ಒಂದು ಕಾಲಕ್ಕೆ ನಮ್ಮ ವಿಶ್ವವಿದ್ಯಾನಿಲಯ ಹುಣಸೂರಿನಲ್ಲಿ ಜನಪ್ರಿಯ ಸಂಗೀತದ ಡಿಪ್ಲೊಮಾ ಶುರು ಮಾಡಿತ್ತು. ಚಿತ್ರಗೀತೆ, ಭಾವಗೀತೆ, ಆರ್ಕೆಸ್ಟ್ರಾ, ರೆಕಾರ್ಡಿಂಗು, ಎಲ್ಲ ಸೇರಿದ ಕೋರ್ಸು. ಪಾಠ ಮಾಡುವವರು ಪುಸ್ತಕ ಓದಿ ಬಂದವರಲ್ಲ, ಸ್ಟುಡಿಯೋಗಳಲ್ಲಿ ದುಡಿದು ಬಂದವರು ಎಂಬುದೇ ಅದರ ಹೆಚ್ಚುಗಾರಿಕೆ. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಕೀಬೋರ್ಡು ಅಷ್ಟಿಷ್ಟು ಬರುತ್ತಿತ್ತು. ಹೋಗಿ ಸೇರಿಕೊಂಡೆ. ತರಗತಿ ಇದ್ದದ್ದು ಹಳೆಯ ಹೊಗೆಸೊಪ್ಪಿನ ಗೋದಾಮಿನ ಮಹಡಿಯಲ್ಲಿ. ಹಿಂದುಗಡೆಯೇ ಒಂದು ಬ್ಯಾರನ್ನು. ಸೊಪ್ಪು ಬೇಯುವ ದಿನಗಳಲ್ಲಿ ಮೇಡಂ ಬಂದ ತಕ್ಷಣ ಕಿಟಕಿಗಳನ್ನೆಲ್ಲ ಮುಚ್ಚಿಸುತ್ತಿದ್ದರು.

"ಈ ವಾಸ್ನೆಗೆ ಗಂಟ್ಲು ಜಾಮ್ ಆಯ್ತದೆ ಕಣ್ಲಾ, ಮುಚ್ಚು. ಯಾವೂರು ನಿಂದು?"

"ಹನಗೋಡು ಮೇಡಂ. ನನ್ನ ಹೆಸರು..."

"ಎಸ್ರು ಬುಡು, ನಂಗೆ ಎಸ್ರು ನಿಲ್ಲಕಿಲ್ಲ. ಇವತ್ತಿಂದ ನೀನು ಅನಗೋಡು."

ಹಾಗೆ ನಾನು ಹನಗೋಡು ಆದೆ. ಕಾಡಂಚಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಹುಡುಗಿ ಅಂತರಸಂತೆ. ತಬಲಾ ನುಡಿಸುತ್ತಿದ್ದ, ಬಾಯಿ ಸುಮ್ಮನಿರದ ಕೆ.ಆರ್. ನಗರದ ಕಡೆಯವನು ಹೊಸ ಅಗ್ರಹಾರ. ಮೇಡಂ ಮಾತಾಡುವಾಗ ಹಕಾರಗಳೆಲ್ಲ ಉದುರಿಹೋಗುತ್ತಿದ್ದವು. ಹಾಡಲು ಬಾಯಿ ತೆರೆದರೆ ಒಂದೂ ತಪ್ಪುತ್ತಿರಲಿಲ್ಲ.

ಅವರು ಟ್ರ್ಯಾಕ್ ಹಾಡುತ್ತಿದ್ದವರು. ಅಂದರೆ, ಸಿನಿಮಾ ಹಾಡಿಗೆ ದೊಡ್ಡ ಗಾಯಕಿ ಬರುವ ಮುಂಚೆ ಇಡೀ ಹಾಡನ್ನು ಒಮ್ಮೆ ಹಾಡಿ ಇಡುವವರು. ದೊಡ್ಡವರು ಬಂದು ಅದನ್ನು ಕೇಳಿ ಕಲಿತು ಹಾಡುತ್ತಾರೆ. ಆಮೇಲೆ ಮೊದಲಿನ ದನಿಯನ್ನು ಅಳಿಸಿಬಿಡುತ್ತಾರೆ. ವರ್ಷಾನುಗಟ್ಟಲೆ ಇದೇ ಅವರ ಕೆಲಸವಾಗಿತ್ತು. ನಮಗೆ ಅವರು ಕಲಿಸಿದ್ದೂ ಇದನ್ನೇ.

"ಖಾಲಿ ಮನೆ ಬಾಡ್ಗೆಗ್ ಬುಟ್ಟಂಗೆ ಆಡ್ಬೇಕು. ಗುಡ್ಸಿ, ಒರ್ಸಿ, ಗೋಡೆ ಮೇಲೆ ಒಂದು ಮೊಳೇನೂ ಇರ್ಬಾರ್ದು. ನಿನ್ನ ಗಮ್ಕ, ನಿನ್ನ ಶೋಕಿ, ಎಲ್ಲ ನಿನ್ನ ಗಂಟು. ಎತ್ಕಂಡು ಓಯ್ತಿರು."

ಮಾರ್ದನಿ ಬರದಿರಲೆಂದು ಗೋಡೆಗೆ ಕಂಬಳಿ ಹೊಡೆಸಿ ಅದರ ಮುಂದೆ ಒಂದು ಮೈಕು ನಿಲ್ಲಿಸಿದ್ದರು. "ಬಳೆ ಬಿಚ್ಚಿಡವ್ವ ಅಂತರಸಂತೆ. ಆಡೋದು ನೀನು, ಬಳೆ ಅಲ್ಲ." ಹಾಳೆ ತಿರುವಿದ ಸದ್ದಾಗಬಾರದು, ಹೊಸ ಸೀರೆ ಉಟ್ಟು ಬರಬಾರದು, ಹಸಿದು ಬರಬಾರದು.

"ಹೊಟ್ಟೆ ಗುರ್ ಅಂದ್ರೂ ಮೈಕಿಗೆ ಕೇಳ್ತದಾ ಮೇಡಂ?" ಎಂದ ಹೊಸ ಅಗ್ರಹಾರ.

"ಕೇಳ್ತದಾ ಅಂತಾನಲ್ಲ! ನಿನ್ನ ತಬ್ಲ ತಾಳ ತಪ್ಪುದ್ರೂ ತಪ್ತದೆ, ಒಟ್ಟೆ ತಪ್ಪಕಿಲ್ಲ. ಮುದ್ದೆ ಉಂಡ್ಕಂಡು ಬಾ."

ಒಳ್ಳೆಯ ಮೇಷ್ಟರಾಗಿದ್ದರೇ? ಗೊತ್ತಿಲ್ಲ. ಅರ್ಧ ಪಾಠ, ಅರ್ಧ ಪುರಾಣ. ತಮ್ಮ ತಂದೆ ಹೊಸ ಅಗ್ರಹಾರ ಊರಿನ ಹತ್ತಿರ ಟೆಂಟ್ ಸಿನಿಮಾ ಇಟ್ಟಿದ್ದರು, ರೀಲು ಬದಲಿಸುವ ಹೊತ್ತಿನಲ್ಲಿ ಜನ ಗಲಾಟೆ ಮಾಡದಿರಲೆಂದು ತಮ್ಮನ್ನು ಮೈಕಿನ ಮುಂದೆ ನಿಲ್ಲಿಸಿ ಹಾಡಿಸುತ್ತಿದ್ದರು ಎನ್ನುತ್ತಿದ್ದರು. ಒಬ್ಬ ನಾಯಕನಟ ತಮ್ಮನ್ನು ರೆಕಾರ್ಡಿಂಗಿಗೆ ಕರೆಸಿಕೊಳ್ಳಲು ಕಾರು ಕಳಿಸಿದ್ದನಂತೆ. ಮುಂದಿನ ವಾರ ಅದೇ ಕಥೆಯಲ್ಲಿ ಕಾರು ಜೀಪಾಗಿತ್ತು. ಹೊಸ ಅಗ್ರಹಾರ ನನ್ನ ಕಿವಿಯಲ್ಲಿ, "ನಮ್ಮೂರ ಸುತ್ತ ಟೆಂಟೇ ಇರ್ಲಿಲ್ಲ ಕಣ್ಲಾ, ನಮ್ಮಜ್ಜಿನ ಕೇಳ್ದೆ" ಎನ್ನುತ್ತಿದ್ದ. ನಾನೋ, ಎಲ್ಲದಕ್ಕೂ ಆಧಾರ ಯಾವುದು ಎಂದು ಕೇಳಲು ಕಲಿತು ಬಂದವನು. ಅವರ ಯಾವ ಕಥೆಯನ್ನೂ ನಂಬಲಿಲ್ಲ. ಕೇಳಲು ಮಾತ್ರ ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ.

ಒಂದು ಭಾನುವಾರ ಏನೋ ಕೆಲಸಕ್ಕೆ ಹುಣಸೂರಿಗೆ ಬಂದವನು ಗೋದಾಮಿನ ಮುಂದೆ ಹಾದುಹೋದೆ. ಮಹಡಿಯ ಬಾಗಿಲು ತೆರೆದಿತ್ತು. ಹತ್ತಿ ನೋಡಿದರೆ ಮೇಡಂ ಒಬ್ಬರೇ ಬೆಂಚಿನ ಮೇಲೆ ಕೂತು ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದರು. ಅವರು ಹತ್ತಿರದಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಗಂಡನೋ ಮಕ್ಕಳೋ ಇದ್ದ ಸುದ್ದಿ ಯಾವ ಪುರಾಣದಲ್ಲೂ ಬಂದಿರಲಿಲ್ಲ.

"ರಜ ಅಲ್ವಾ ಮೇಡಂ?"

"ರೂಮಲ್ಲಿ ಕೂರಕ್ಕಾಗಕಿಲ್ಲ ಕಣ್ಲಾ. ಆ ಗೋಡೆಗಳು ಮಾತಾಡಕಿಲ್ಲ. ಇವೂ ಮಾತಾಡಕಿಲ್ಲ, ಆದ್ರೆ ಇವಕ್ಕೆ ಕಂಬ್ಳಿ ಒದ್ಸಿದೀವಿ. ಸುಮ್ನಿರಕ್ಕೆ ಒಂದು ಕಾರ್ಣ ಅದೆ."

ನಗುತ್ತಲೇ ಹೇಳಿದರು. ಆಮೇಲೆ ಡಬ್ಬಿ ಮುಚ್ಚುತ್ತ, ನನಗಲ್ಲ ಎನ್ನುವ ಹಾಗೆ, "ಇಲ್ಲಿ ನಾನು ಆಡಿದ್ದ ಯಾರೂ ಅಳಸಕಿಲ್ಲ. ನಿಮ್ಮ ಗಂಟ್ಲಲ್ಲಿ ಉಳ್ಕತದೆ. ಈ ಕೆಲ್ಸ ಒಂದು ಉಳುದ್ರೆ ಸಾಕು" ಎಂದರು. ಇದನ್ನು ಅವರು ಹೇಳಿದ್ದು ನಿಜವೆಂದೇ ನನಗೆ ಅನಿಸುತ್ತದೆ. ಇಂಥ ಮಾತನ್ನು ಕಟ್ಟುವ ಶಕ್ತಿ ನನ್ನ ತಲೆಗಿಲ್ಲ.

ವರ್ಷದ ಕೊನೆಗೆ ಕೆಲಸ ಮುಂದುವರಿಸುವ ಮಾತು ಬಂತು. ಉದ್ಯಮದಿಂದ ಬಂದ ಅಧ್ಯಾಪಕರು ತಮ್ಮ ಅನುಭವಕ್ಕೆ ದಾಖಲೆ ಕೊಡಬೇಕೆಂದು ವಿಶ್ವವಿದ್ಯಾನಿಲಯ ಕೇಳಿತು. ಸಂದರ್ಶನ ನಮ್ಮ ತರಗತಿಯ ಕೋಣೆಯಲ್ಲೇ ನಡೆಯಿತು. ಕೀಬೋರ್ಡು ಕಲಿಸುತ್ತಿದ್ದವರು ತಮ್ಮ ಹೆಸರು ಅಚ್ಚಾಗಿದ್ದ ಕ್ಯಾಸೆಟ್ಟಿನ ಹೊದಿಕೆಗಳನ್ನು ತಂದರು. ಮೇಡಂ ಹತ್ತಿರ ಏನಿತ್ತು? ಅವರ ಕೆಲಸವೇ ಉಳಿಯದಿರುವುದು. ಚೆನ್ನಾಗಿ ಮಾಡಿದಷ್ಟೂ ಗುರುತಿಲ್ಲದೆ ಅಳಿಯುವುದು.

ಅವರು ಒಂದು ಹಾಡು ತಂದರು. ಓಡದ ಸಿನಿಮಾದ, ಆದರೆ ಮದುವೆ ಮನೆಗಳಲ್ಲಿ ಆಗಾಗ ಕೇಳುತ್ತಿದ್ದ ಹಾಡು. ದೊಡ್ಡ ಗಾಯಕಿಯದು. ಎರಡನೇ ಚರಣ ಶುರುವಾಗುವ ಮುಂಚೆ ವಾದ್ಯಗಳೆಲ್ಲ ನಿಲ್ಲುತ್ತವೆ. ಅಲ್ಲಿ ಯಾರೋ ಉಸಿರು ಎಳೆದುಕೊಂಡದ್ದು ಕೇಳುತ್ತದೆ. ಮೊಬೈಲನ್ನು ಅಲ್ಲಿಗೆ ನಿಲ್ಲಿಸಿದರು.

"ಕೇಳುಸ್ತಾ ಸಾರ್? ಅದು ನಾನು."

ನಮ್ಮ ಕೋರ್ಸಿನ ಸಂಯೋಜಕರು ಮೆದು ಮನುಷ್ಯ. ಜೊತೆಗೆ ಮೈಸೂರಿನಿಂದ ಬಂದ ಇಬ್ಬರಿದ್ದರು. ಮೇಡಂ ಬಿಡಿಸಿ ಹೇಳಿದರು. "ಇದರ ಟ್ರ್ಯಾಕ್ ಆಡಿದ್ದು ನಾನು. ಅಮ್ಯಾಕೆ ದೊಡ್ಡೋರು ಬಂದ್ರು, ಚರಣನ ಮೊದಲ್ನೇ ಅಕ್ಷರದಿಂದ ಇಡ್ಕಂಡ್ರು. ನನ್ನ ದನಿ ಮುಚ್ಚೋದು ಒಂದು ಚೂರು ತಡ ಆಯ್ತು. ಮಾತೆಲ್ಲ ಅವರ್ದು ಸಾರ್. ಅದಕ್ಕೂ ಮುಂಚೆ ಎಳ್ಕಂಡಿರೋ ಉಸ್ರು ನಂದು."

ಮೈಸೂರಿನವರಲ್ಲಿ ಒಬ್ಬರು ನಕ್ಕರು. ಅಥವಾ ಕೆಮ್ಮಿದರು. ಸಂಯೋಜಕರು ನಗಲಿಲ್ಲ. "ನಾನು ನಂಬ್ತೀನಿ ಅಂತಲೇ ಇಟ್ಕೊಳ್ಳಿ ಮೇಡಂ. ಆದ್ರೆ ಕಡತದಲ್ಲಿ ಏನಂತ ಬರೀಲಿ? ಉಸಿರು ಅಂತ ಬರೆಯೋಕಾಗುತ್ತಾ?"

"ಬರೀರಿ ಸಾರ್. ಇರೋದೇ ಅದು."

ಅವರು ಬರೆಯಲಿಲ್ಲ. ಮೇಡಂ ಮೈಕಿನ ಸ್ಟ್ಯಾಂಡನ್ನು ಯಾರೂ ಎಡವದ ಹಾಗೆ ಗೋಡೆಯ ಬದಿಗೆ ಸರಿಸಿಟ್ಟು, ಕಂಬಳಿಯ ಅಂಚು ಮಡಚಿಕೊಂಡದ್ದನ್ನು ಎಳೆದು ಸರಿಮಾಡಿ, ಮೆಟ್ಟಿಲಿಳಿದು ಹೋದರು. ಬೆಂಚಿನ ಮೇಲೆ ಕೂತು ನಾನು ಇದೆಲ್ಲವನ್ನೂ ನೋಡಿದೆ.

ನೋಡಿದೆನೇ? ಈಚೆಗೆ ಅಂತರಸಂತೆಗೆ ಫೋನು ಮಾಡಿ ಕೇಳಿದೆ. ಅವಳೀಗ ಎಚ್.ಡಿ. ಕೋಟೆಯಲ್ಲಿ ಶಾಲೆಯ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ.

"ಏ, ನಾವೆಲ್ಲೋ ಒಳಗಿದ್ವಿ? ಹೊರಗೆ ಮೆಟ್ಲ ಮೇಲೆ ಕೂರ್ಸಿರ್ಲಿಲ್ವಾ? ಬಾಗ್ಲು ಹಾಕಿತ್ತು ಕಣೋ."

"ಮೈಕ್ ಸ್ಟ್ಯಾಂಡು ಸರಿಸಿದ್ದು?"

"ಅದು ದಿನಾ ಮಾಡ್ತಿದ್ರಲ್ಲ. ಪಾಠ ಮುಗುದ್ಮೇಲೆ."

"ಉಸಿರಿನ ಮಾತು?"

"ಅದು ಕೇಳ್ತು. ಬಾಗ್ಲಾಚೆಗೂ ಕೇಳ್ತು. ಮೇಡಂ ಗಂಟ್ಲಲ್ವಾ." ಆಮೇಲೆ ಅವಳೇ ಕೇಳಿದಳು. "ನೀನು ಆಗ ನಂಬ್ಲಿಲ್ಲ ಅಲ್ವಾ?"

ನಂಬಲಿಲ್ಲ. ಕಾರು ಜೀಪಾದದ್ದನ್ನು ಕೇಳಿದವನು ಯಾವ ಆಧಾರದ ಮೇಲೆ ನಂಬಬೇಕಿತ್ತು? ಇವತ್ತು ಅದೇ ಕೋಣೆಯಲ್ಲಿ ಕೂರಿಸಿ ಕೇಳಿದರೂ ಅದನ್ನೇ ಹೇಳುತ್ತೇನೆ.

ಮುಂದಿನ ವರ್ಷ ಮೇಡಂ ಇರಲಿಲ್ಲ. ಅದರಾಚೆಯ ವರ್ಷ ಕೋರ್ಸೇ ಇರಲಿಲ್ಲ. ಮಹಡಿ ಮತ್ತೆ ಗೋದಾಮಾಯಿತು. ನಾನು ಅತಿಥಿ ಉಪನ್ಯಾಸಕನಾಗಿ ಒಂದು ವರ್ಷ ಕೆ.ಆರ್. ನಗರ, ಒಂದು ವರ್ಷ ಎಚ್.ಡಿ. ಕೋಟೆ, ಈಗ ಪಿರಿಯಾಪಟ್ಟಣ ಎಂದು ಸುತ್ತುತ್ತಿದ್ದೇನೆ. ಎಲ್ಲಿ ಹೋದರೂ ಒಂದು ಕೋಣೆ, ಒಂದು ಸ್ಟವ್ವು, ಒಂದು ಕೀಬೋರ್ಡು. ಮನೆ ಬಿಡುವಾಗ ನಾನೇ ಹೊಡೆದ ಮೊಳೆಗಳನ್ನು ಕೀಳುತ್ತೇನೆ. ಆಗೆಲ್ಲ ಮೇಡಂ ನೆನಪಾಗುತ್ತಾರೆ, ಇಲ್ಲವೆನ್ನಲಾರೆ.

ಕೆ.ಆರ್. ನಗರದಲ್ಲಿದ್ದಾಗ ಹೊಸ ಅಗ್ರಹಾರ ಊರಿನ ಕಡೆ ಹೋಗಿ ವಿಚಾರಿಸಿದೆ. ವಯಸ್ಸಾದವರು ಟೆಂಟ್ ಸಿನಿಮಾದ ಮಾತೆತ್ತಿದರೆ ಕಣ್ಣರಳಿಸುತ್ತಿದ್ದರು, ಆದರೆ ಅವರು ಹೇಳುವ ಟೆಂಟು ಬೇರೆ ದಿಕ್ಕಿನದು, ಬೇರೆಯವರದು. ಹಾಡುತ್ತಿದ್ದ ಹುಡುಗಿ ಯಾರಿಗೂ ನೆನಪಿಲ್ಲ. ಒಂದು ಕಥೆ ಬಿದ್ದುಹೋಯಿತು. ನಾಯಕನಟನ ಕಾರಿನ ಕಥೆಯನ್ನು ಪರೀಕ್ಷಿಸಲು ದಾರಿಯೇ ಇರಲಿಲ್ಲ. ಮೇಡಂ ಎಲ್ಲಿದ್ದಾರೆಂದು ಕೇಳಿದರೆ, ಬೆಂಗಳೂರು ಅಂದವರಿದ್ದರು, ಮಡಿಕೇರಿ ಅಂದವರೂ ಇದ್ದರು. ಆಮೇಲೆ ಒಂದು ಬೆಳಿಗ್ಗೆ ಅಂತರಸಂತೆಯ ಮೆಸೇಜು ಬಂತು. "ಮೇಡಂ ಹೋಗ್ಬುಟ್ರಂತೆ ಕಣೋ." ಯಾವಾಗ, ಎಲ್ಲಿ, ಜೊತೆಗೆ ಯಾರಿದ್ದರು... ಅವಳಿಗೂ ಗೊತ್ತಿರಲಿಲ್ಲ, ಅವಳಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ನಮ್ಮ ಹೆಸರನ್ನೇ ನೆನಪಿಟ್ಟುಕೊಳ್ಳದವರ ಹೆಸರು ನಮಗೂ ತಕ್ಷಣಕ್ಕೆ ಬಾಯಿಗೆ ಬರಲಿಲ್ಲ. ಹಾಜರಿಗೆ, ಸಹಿಗೆ, ಎಲ್ಲದಕ್ಕೂ ಅವರು ಮೇಡಂ.

ಈ ವರ್ಷ ಕಾಲೇಜು ವಾರ್ಷಿಕೋತ್ಸವದ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ತನ್ನ ಮೊಬೈಲಿನಲ್ಲಿ ಒಂದು ಆ್ಯಪ್ ತೋರಿಸಿದಳು. ಯಾವ ಹಾಡು ಹಾಕಿದರೂ ವಾದ್ಯ ಬೇರೆ, ದನಿ ಬೇರೆ ಮಾಡಿಕೊಡುತ್ತದೆ. ಅವಳಿಗೆ ಬೇಕಿದ್ದದ್ದು ವಾದ್ಯ. "ಈ ದನಿ ಏನ್ ಮಾಡೋದು ಸಾರ್, ಡಿಲೀಟ್ ಮಾಡ್ಲಾ?" ಎಂದು ಕೇಳಿದಳು. ಆ ಪ್ರಶ್ನೆ ಇಡೀ ದಿನ ನನ್ನ ಜೊತೆಗೇ ಓಡಾಡಿತು.

ಹುಣಸೂರಿನಿಂದ ಮರಳಿದ ಮೇಲೆ, ನಿನ್ನೆ ಭಾನುವಾರ ಮಧ್ಯಾಹ್ನ, ಕೋಣೆಯ ಕಿಟಕಿ ಮುಚ್ಚಿದೆ. ಇಲ್ಲಿಗೂ ಹೊಗೆಸೊಪ್ಪಿನ ವಾಸನೆ ಬರುತ್ತದೆ. ಆ ಹಾಡನ್ನು ಆ್ಯಪಿಗೆ ಹಾಕಿ, ದನಿಯನ್ನು ಮಾತ್ರ ಬೇರೆ ಮಾಡಿಕೊಂಡು, ಎರಡನೇ ಚರಣದ ಹತ್ತಿರ ನಿಧಾನ ಮಾಡಿ ಕೇಳಿದೆ. ಉಸಿರು ಇದೆ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ನಿಧಾನವಾಗಿ ಕೇಳಿದಾಗ ಇನ್ನೊಂದು ತಿಳಿಯಿತು. ಚರಣದ ಮೊದಲ ಅಕ್ಷರ ಶುರುವಾದ ಮೇಲೂ ಆ ಉಸಿರು ನಿಲ್ಲುವುದಿಲ್ಲ. ಅಕ್ಷರದ ಅಡಿಯಲ್ಲಿ ಇನ್ನೂ ಒಂದಿಷ್ಟು ದೂರ ಒಳಕ್ಕೆ ಎಳೆದುಕೊಳ್ಳುತ್ತಲೇ ಇರುತ್ತದೆ, ಆಮೇಲೆ ಕತ್ತರಿಸಿದಂತೆ ನಿಲ್ಲುತ್ತದೆ.

ಆ್ಯಪಿನ ದೋಷವಿರಬಹುದು ಎಂದು ಪರಿಚಯದ ಅಂಗಡಿಯೊಂದರಿಂದ ಹಳೆಯ ಕ್ಯಾಸೆಟ್ಟನ್ನೂ ಟೇಪ್ ರೆಕಾರ್ಡರನ್ನೂ ತಂದು ಕಿವಿಯಿಟ್ಟು ಕೇಳಿದೆ. ಅದರಲ್ಲೂ ಹಾಗೇ ಇದೆ. ಉಸಿರು ಎಳೆಯುತ್ತಲೇ ಆ ಅಕ್ಷರ ಹಾಡಲು ನಾನೂ ಪ್ರಯತ್ನಿಸಿದೆ. ಕೆಮ್ಮು ಬಂತು. ಒಂದು ಗಂಟಲು ಒಂದೇ ಕ್ಷಣದಲ್ಲಿ ಉಸಿರು ಎಳೆದುಕೊಳ್ಳುತ್ತಲೂ ಹಾಡುತ್ತಲೂ ಇರಲಾರದು.

ಅಂತರಸಂತೆಗೆ ಫೋನು ಮಾಡಬೇಕೆನಿಸಿತು, ಮಾಡಲಿಲ್ಲ. ಅವಳು ಆಗಲೇ ನಂಬಿದ್ದವಳು, ಅವಳಿಗೆ ಇದು ಹೊಸ ಸುದ್ದಿಯಲ್ಲ. ಹೇಳಬೇಕಾದವರಿಗೆ ಹೇಳುವ ಹಾಗಿಲ್ಲ.

ಆ ಉಸಿರು ಮೇಡಂದೇ ಎನ್ನಲು ನನ್ನ ಹತ್ತಿರ ಈಗಲೂ ಆಧಾರವಿಲ್ಲ. ಟೆಂಟು ಸಿಗಲಿಲ್ಲ. ಕಾರೋ ಜೀಪೋ ಗೊತ್ತಿಲ್ಲ. ಆ ದಿನ ನಾನು ಬಾಗಿಲಿನ ಯಾವ ಕಡೆ ಇದ್ದೆನೆಂಬುದೂ ಗೊತ್ತಿಲ್ಲ. ಪರೀಕ್ಷಿಸಿ, ಮತ್ತೊಮ್ಮೆ ಪರೀಕ್ಷಿಸಿ ಹೇಳಬಲ್ಲದ್ದು ಇಷ್ಟೇ: ಆ ಹಾಡಿನ ಎರಡನೇ ಚರಣದ ಮೊದಲ ಅಕ್ಷರದಲ್ಲಿ ಇಬ್ಬರಿದ್ದಾರೆ.