ಹಲಗೇರಿ ದಾರಿಯ ಕುರಿಹಟ್ಟಿ

ಬೆಳಿಗ್ಗೆ ಆರಕ್ಕೆ ಸರಿಯಾಗಿ ಮೋಟೆಬೆನ್ನೂರು ಬಿಟ್ಟೆವು. ಹಾವೇರಿಯಿಂದ ಕುಮಾರಪಟ್ಟಣದ ಹೊಳೆದಂಡೆಯವರೆಗೆ ಹೆದ್ದಾರಿ ಹಿಡಿಯದೆ, ಹೊಲದ ದಾರಿಯಲ್ಲೇ ಮೂರು ದಿನ ನಡೆಯುವುದು ನಮ್ಮ ಯೋಜನೆ. ಅದು ಎರಡನೇ ದಿನ. ಜೊತೆಗಿದ್ದವರು ನಿವೃತ್ತ ಬಸ್ ಚಾಲಕ ಖಾದರ್ ಸಾಹೇಬರು. ಹೋದ ವರ್ಷ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಬಿಸಿಲೇರುವ ಮೊದಲೇ ಅವರನ್ನು ಹಲಗೇರಿಯಲ್ಲಿ ನೆರಳಿಗೆ ಕೂರಿಸುತ್ತೇನೆಂದು ಅವರ ಮಗಳಿಗೆ ಮಾತು ಕೊಟ್ಟಿದ್ದೆ.

ಎಂಟಕ್ಕೆ ಬದುವಿನ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಮುಂದೆ ಬಂಡಿದಾರಿಯೇ ಇರಲಿಲ್ಲ. ಯಾರೋ ಅದನ್ನೂ ಸೇರಿಸಿ ಹೊಲ ಉತ್ತಿದ್ದರು. ಹೆಂಟೆಗಳ ಮೇಲೆ ಸುತ್ತಾಡಿ ಎರಡು ತಾಸು ಹೋದವು. ಹನ್ನೊಂದೂವರೆಗೆ ನನ್ನ ಬೆನ್ನಚೀಲದಲ್ಲಿ ಉಳಿದದ್ದು ಒಂದೇ ಬಾಟಲಿ ನೀರು. ದೂರದಲ್ಲಿ ಒಂಟಿ ಬೇವಿನ ಮರ ಕಂಡಿತು. ಅದರ ಕೆಳಗೆ ಬಲೆ ಕಟ್ಟಿ ಕುರಿಮರಿಗಳನ್ನು ಕೂಡಿಹಾಕಿದ್ದರು. ಮನುಷ್ಯರಿರಲಿಲ್ಲ.

ನೆರಳು ಇಪ್ಪತ್ತು ಹೆಜ್ಜೆ ದೂರ ಇರುವಾಗ ಬಲೆಯ ಹಿಂದಿನಿಂದ ಕರಿಯ ನಾಯಿ ನುಗ್ಗಿ ಬಂತು.

"ನಿಂತಲ್ಲೇ ನಿಲ್ರಿ! ನೆಟ್ಟಗ ನಿಲ್ರಿ!" ಎಂದೆ. ಮೂವತ್ತೆರಡು ವರ್ಷ ದೈಹಿಕ ಶಿಕ್ಷಕನಾಗಿದ್ದವನ ಬಾಯಿಂದ ಬೇರೆ ಮಾತು ಬರಲಿಲ್ಲ.

ನಾಯಿ ನಮ್ಮೆದುರು ನಿಂತು ಗುರುಗುಟ್ಟಿತು. ಚೀಲಕ್ಕೆ ಕೈ ಒಯ್ದರೆ ಹಲ್ಲು ತೋರಿಸುತ್ತಿತ್ತು. ಕೂಗಿದರೆ ಕೇಳುವವರಿರಲಿಲ್ಲ.

"ಮಾಸ್ತರ, ಇದೇನ ಪ್ರಾರ್ಥನಾ ಸಾಲೇನ್ರಿ? ಎಷ್ಟೊತ್ತ ನಿಂದರಸ್ತೀರಿ?" ಎಂದು ಖಾದರ್ ಸಾಹೇಬರು ಕೇಳಿದರು.

"ಅಳ್ಳಾಡಬ್ಯಾಡ್ರಿ."

ಕಾಲು ತಾಸಾಯಿತು. ಅವರ ಚೇಷ್ಟೆ ನಿಂತಿತು. ತುಟಿ ಬಿಳಿಚಿ, ಕೈ ಎದೆಗೆ ಹೋಯಿತು. ನಾಯಿ ಒಂದು ಹೆಜ್ಜೆ ಮುಂದೆ ಬಂತು.

"ನನ್ನ ಕೈಲೆ ಆಗವಲ್ದರಿ."

"ಕುಂದರಬ್ಯಾಡ್ರಿ! ಮೈಮ್ಯಾಲೆ ಬೀಳತೈತಿ!"

ಅಷ್ಟರಲ್ಲಿ ಅವರು ಮಣ್ಣಿನಲ್ಲಿ ಕುಸಿದು ಕುಳಿತರು. ನಾಯಿ ಹತ್ತಿರ ಬಂದು ಅವರ ಮುಖ ಮೂಸಿತು. ಅದು ಅವರನ್ನು ಬಿಟ್ಟು ನನ್ನತ್ತ ತಿರುಗಿ ಗುರುಗುಟ್ಟಿತು. ನಾನೂ ಮೆಲ್ಲಗೆ ಕುಳಿತೆ. ಆಗ ಅದು ಸುಮ್ಮನಾಗಿ ಮಲಗಿತು. ಚೀಲ ಬಿಚ್ಚಿ ಅವರಿಗೆ ಗುಟುಕು ಗುಟುಕಾಗಿ ನೀರು ಕುಡಿಸಿದೆ.

ಸ್ವಲ್ಪ ಹೊತ್ತಿಗೆ ಕೊಡ ಹೊತ್ತು ಕುರಿಗಾರ ಹೆಂಗಸು ಬಂದಳು.

"ಅಯ್ಯ ಯಪ್ಪಾ, ನಿಂತಿದ್ರೇನ? ನಿಂತವ್ರನ್ನ ಮರಿ ಕಳ್ಳರಂತ ತಿಳಿತೈತಿ ಇದು. ಕುಂತ್ರ ಬಿಡತೈತಿ. ಇಷ್ಟೂ ತಿಳೀದೇನ?"

"ಇವರು ಸಾಲಿ ಮಾಸ್ತರ್ರವ್ವ," ಎಂದರು ಖಾದರ್ ಸಾಹೇಬರು, ಕ್ಷೀಣ ದನಿಯಲ್ಲಿ. "ನಿಂದರಸೂದೊಂದ ಗೊತ್ತ."

ಅವರನ್ನು ನೆರಳಿಗೆ ಸಾಗಿಸಿದೆವು. ಅವಳು ತಲೆಗೆ ಒದ್ದೆ ಬಟ್ಟೆ ಹಾಕಿ, ಉಪ್ಪು ಬೆರೆಸಿದ ಮಜ್ಜಿಗೆ ಕೊಟ್ಟಳು. ಎದೆಯ ಬಿಗಿತ ಇಳಿಯಿತು. ನಾನು ಅವರ ಮಗಳಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ, ಬಿಸಿಲಲ್ಲಿ ನಿಲ್ಲಿಸಿದವನು ನಾನೇ ಎಂಬುದನ್ನೂ. ಆಕೆ, "ಅಬ್ಬಾನ ಕೈಯಾಗ ಕೊಡ್ರಿ" ಎಂದಳು. ಸಂಜೆ ಹಲಗೇರಿಗೆ ಗಾಡಿ ತರುತ್ತೇನೆಂದು ಅವರಿಗೇ ಹೇಳಿದಳು, ನನಗೆ ಹೇಳಲಿಲ್ಲ.

ಐದಕ್ಕೆ ಹೊರಟೆವು. ಹೊಲಕ್ಕೆ ಗಾಡಿ ಬರುವಂತಿರಲಿಲ್ಲ; ಹಲಗೇರಿ ಇನ್ನೆರಡೇ ಕಿಲೋಮೀಟರ್. ನಾಯಿ ಬದುವಿನವರೆಗೆ ಬಂದು ನಮ್ಮನ್ನು ದಾಟಿಸಿ ತಿರುಗಿತು. ಖಾದರ್ ಸಾಹೇಬರು ಮುಂದೆ ನಡೆದರು. ದಣಿದಾಗೆಲ್ಲ ನನ್ನನ್ನು ಕೇಳದೆ ಕೂರುತ್ತಿದ್ದರು. ಅವರು ಏಳುವವರೆಗೆ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ.