ಪೊದೆಯೊಳಗೆ ಕೂಗಿದ ಗೌಜಲಹಕ್ಕಿ

ಮದುವೆಯಾಗಿ ಮಾಕಳಿದುರ್ಗದ ಬೆಟ್ಟದಡಿಯ ಈ ಊರಿಗೆ ಬಂದ ಹೊಸದರಲ್ಲಿ ನನಗೆ ಮೊದಲು ಹತ್ತಿರವಾದದ್ದು ಪೊದೆಯಡಿ ಕೋಳಿಯಂತೆ ಓಡಾಡುವ ಗೌಜಲಹಕ್ಕಿ. ಮನೆಯ ಜನ ಆಮೇಲೆ. ನಮ್ಮ ಹೊಲ ಮುಗಿಯುವಲ್ಲಿ ಕುರುಚಲು ಕಾಡು ಶುರುವಾಗುತ್ತದೆ. ಹಸುಗಳಿಗೆ ಹುಲ್ಲು ಕೊಯ್ಯಲು ನಸುಕಿನಲ್ಲಿ ಅಲ್ಲಿಗೆ ಹೋದರೆ ಒಂದು ಗಂಡು ಕೂಗಲು ಶುರುಮಾಡುತ್ತಿತ್ತು. ಮೊದಲು ಗಂಟಲು ಸರಿಮಾಡಿಕೊಂಡಂತೆ ಸಣ್ಣಗೆ ಟಕ್ ಟಕ್, ಆಮೇಲೆ ಇಡೀ ಇಳಿಜಾರಿಗೆ ಕೇಳುವಂತೆ ‘ಕತೀತರ್, ಕತೀತರ್’. ಆಚೆ ಪೊದೆಯಿಂದ ಇನ್ನೊಂದು ಗಂಡು ಜಗಳಕ್ಕೆ ನಿಂತಂತೆ ಉತ್ತರ ಕೊಡುತ್ತಿತ್ತು. ಮರಿಗಳಿದ್ದಾಗ ತಾಯಿಯ ದನಿಯೇ ಬೇರೆ. ಹತ್ತಿರ ಕೂತವರಿಗಷ್ಟೇ ಕೇಳುವ ಗುರುಗುರು.

ಎಷ್ಟೋ ವರ್ಷ ಅದನ್ನು ನಾನೊಬ್ಬಳೇ ಕೇಳಿದೆ. ಮೈದುನನ ಹೆಂಡತಿ ಬಂದ ಮೇಲೆ ಜೊತೆ ಸಿಕ್ಕಿತು. ನಾನು ಕೆಲಸಕ್ಕೆ ಹೋಗುವ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯ ಬಸ್ಸು ಬರುವುದರೊಳಗೆ ಹುಲ್ಲಿನ ಹೊರೆ ಮನೆ ಸೇರಿಸಬೇಕಿತ್ತು. ಆದರೂ ಅವಳು “ಇನ್ನೊಂದ್ಸಲ ಕೂಗ್ಲಿ, ತಡೀರಿ ಅಕ್ಕ” ಎಂದು ಬದುವಿನ ಮೇಲೆ ಕೂತುಬಿಡುತ್ತಿದ್ದಳು. ಮಕ್ಕಳಾಗದ ಸಂಕಟ, ತವರಿನ ತಾಪತ್ರಯ ಎಲ್ಲವನ್ನೂ ಅಲ್ಲೇ ಹೇಳಿಕೊಂಡಳು. ಯಾರಿಗೂ ಹೇಳದ ಮಾತುಗಳನ್ನು ನಾನೂ ಅವಳಿಗೆ ಹೇಳಿದೆ. ಒಡಹುಟ್ಟಿದವಳು ಇಲ್ಲದ ಕೊರತೆ ತೀರಿತು ಅಂದುಕೊಂಡೆ.

ಒಂದು ಚಳಿಗಾಲದಲ್ಲಿ ಆ ಕೂಗುಗಳನ್ನು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿದೆ.

“ನಂಗೂ ಕಳ್ಸಿ ಅಕ್ಕ. ತವರಿಗೆ ಹೋದಾಗ ಕೇಳ್ತೀನಿ” ಅಂದಳು. ಖುಷಿಯಿಂದ ಕಳಿಸಿದೆ.

ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಬಾಡೂಟಕ್ಕೆ ಸಾರು ಮಾಡಿದ್ದು ಅವಳೇ. ತನ್ನ ತಮ್ಮ ತಂದುಕೊಟ್ಟ ನಾಟಿಕೋಳಿ ಮರಿ ಅಂದಳು. ಚೆನ್ನಾಗಿದೆ ಎಂದು ಮತ್ತೆ ಬಡಿಸಿಕೊಂಡೆ.

ಅದಾದ ಕೆಲವು ವಾರಕ್ಕೆ, ಒಂದು ಭಾನುವಾರ, ಒಬ್ಬಳೇ ಹುಲ್ಲಿಗೆ ಹೋಗಿದ್ದೆ. ಹಕ್ಕಿಗಳು ಎಂದೂ ಇರದ ತಗ್ಗಿನ ಕಡೆಯಿಂದ ಗೌಜಲಹಕ್ಕಿ ಕೂಗಿತು. ಹೊಸ ಜೋಡಿ ಇರಬೇಕೆಂದು ಕಿವಿಗೊಟ್ಟೆ. ಕೂಗು ನಿಂತಿತು. ಅದರ ಹಿಂದೆಯೇ ಹೆಂಗಸಿನ ದನಿ: “ಸುಮ್ನಿರೇ, ಓಡೋಗುತ್ತೆ.”

ಅದು ನನ್ನ ದನಿ. ಆ ಚಳಿಗಾಲದಲ್ಲಿ ರೆಕಾರ್ಡ್ ಮಾಡುವಾಗ ಅವಳಿಗೆ ಹೇಳಿದ್ದು.

ತಗ್ಗಿಗೆ ಇಳಿದೆ. ಲಂಟಾನ ಪೊದೆಯೊಳಗೆ ಸಣ್ಣ ಸ್ಪೀಕರ್ ಇತ್ತು. ಸುತ್ತ ತೆಳ್ಳನೆ ದಾರದ ಉರುಲುಗಳು. ತನ್ನ ಜಾಗಕ್ಕೆ ಯಾರೋ ಬಂದರೆಂದು ಜಗಳಕ್ಕೆ ಬಂದ ಗಂಡು ಒಂದರಲ್ಲಿ ಸಿಕ್ಕಿ ಒದ್ದಾಡುತ್ತಿತ್ತು. ಅವಳ ತಮ್ಮ ಚೀಲ ಹಿಡಿದು ಕೂತಿದ್ದ.

“ಈ ಕೂಗು ನಮ್ಮಕ್ಕಾನೇ ಕಳ್ಸಿದ್ದು” ಅಂದ, ನಾನು ಕೇಳುವ ಮೊದಲೇ. “ನಿಮ್ಗೂ ಗೊತ್ತಿದೆ ಅಂದ್ಕೊಂಡಿದ್ದೆ.”

ಹಕ್ಕಿಯ ಕಾಲು ಬಿಡಿಸಿ ಹಾರಿಬಿಟ್ಟೆ. ಉರುಲುಗಳನ್ನೆಲ್ಲ ಕುಡುಗೋಲಿನಿಂದ ಕತ್ತರಿಸಿದೆ. ಇನ್ನೊಂದು ಸಲ ಇಲ್ಲಿ ಕಂಡರೆ ಫಾರೆಸ್ಟಿನವರಿಗೆ ಹೇಳುತ್ತೇನೆಂದೆ. ಚೀಲದೊಳಗಿದ್ದ ಹಕ್ಕಿಗಳು ಆಗಲೇ ಸತ್ತಿದ್ದವು.

ಮನೆಗೆ ಬಂದಾಗ ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಏನಾಯಿತೆಂದು ಹೇಳಿದೆ. ಕೈ ನಿಲ್ಲಿಸಲಿಲ್ಲ.

“ಅವ್ನಿಗೆ ದಾಬಸ್‌ಪೇಟೆ ಕೆಲ್ಸ ಹೋಯ್ತಲ್ಲ ಅಕ್ಕ. ಡಾಬಾದವ್ರು ತಗೋತಾರೆ ಅಂದ. ಹಕ್ಕಿ ಹಿಡಿಯೋಕೆ ಅಂತ ನಿಮ್ನ ಕೇಳಿದ್ರೆ ಆ ಕೂಗು ಕೊಡ್ತಿದ್ರಾ?”

“ಇಲ್ಲ.”

“ಅದಕ್ಕೇ ಕೇಳ್ಲಿಲ್ಲ.”

ಆಗ ನೆನಪಾಯಿತು, ಸಾರಿನಲ್ಲಿದ್ದ ಆ ಸಣ್ಣ ಸಣ್ಣ ಎಲುಬು. “ಹೊಸತೊಡಕಿನ ದಿನ ನೀನು ಬಡಿಸಿದ್ದು ನಾಟಿಕೋಳೀನಾ?” ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. ನಾನು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ತಿಂದು ವಾರಗಳೇ ಕಳೆದಿದ್ದವು, ಆದರೂ ತಡೆಯಲಾಗಲಿಲ್ಲ.

ನನ್ನ ಗಂಡನಿಗೆ ಹೇಳಿದರೆ “ಹಕ್ಕಿಗೋಸ್ಕರ ಮನೆ ಒಡೀತೀಯಾ?” ಅಂದರು. ಹಕ್ಕಿಗಷ್ಟೇ ಅಲ್ಲ ಎಂದು ಅವರಿಗೆ ಬಿಡಿಸಿ ಹೇಳಲು ನನಗೆ ಬರಲಿಲ್ಲ. ಅವಳ ಮುಂದೆ ಬಿಚ್ಚಿಟ್ಟ ಬೇರೆ ಮಾತುಗಳು ಎಲ್ಲೆಲ್ಲಿಗೆ ಹೋಗಿರಬಹುದು ಎಂಬ ಯೋಚನೆ ಈಗಲೂ ಬಿಟ್ಟಿಲ್ಲ.

ಅವಳ ತಮ್ಮ ಮತ್ತೆ ಬರಲಿಲ್ಲ. ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿದ್ದೇವೆ. ಉಪ್ಪು, ಹುಳಿ, ಹಾಲಿನ ಮಾತಷ್ಟೇ ಆಡುತ್ತೇವೆ. ಕಾಡಿನ ಅಂಚು ಬಹಳ ದಿನ ಮೌನವಾಗಿತ್ತು. ಮೊನ್ನೆ ನಾನು ಬಸ್ಸಿಗೆ ಹೊರಟಾಗ ಅವಳು ಬಾಗಿಲಿಗೆ ಬಂದಳು.

“ಕೂಗ್ತಿದೆ ಅಕ್ಕ. ಕೇಳಿಸ್ತಾ?”

ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಇಲ್ಲ” ಎಂದು ಚಪ್ಪಲಿ ಮೆಟ್ಟಿ ಹೊರಟೆ.